ಸ್ನೋಮೊಬೈಲ್ ಕ್ಲಚ್ಚಿನ ಹದ



ಬ್ರ್ಯಾಂಪ್ಟನ್, ಮಿಸ್ಸಿಸಾಗಾ, ಮಾರ್ಖಮ್ ಕಡೆ ಇರುವ ನಮಗೆಲ್ಲ ಹಿಮ ಅಂದರೆ ಬೆಳಿಗ್ಗೆ ಎದ್ದು ಡ್ರೈವ್‌ವೇ ಗೋರುವ ಕೆಲಸ. ಆದರೆ ಹೈವೇ 400 ಹಿಡಿದು ಬ್ಯಾರಿ ದಾಟಿ ಉತ್ತರಕ್ಕೆ ಹೋಗಿ ನೋಡಿ, ಅಲ್ಲಿ ಹಿಮವೇ ದಾರಿ. ಮಸ್ಕೋಕಾ, ಹ್ಯಾಲಿಬರ್ಟನ್ ಕಡೆಯ ಕಾಡುಗಳಲ್ಲಿ ಸ್ನೋಮೊಬೈಲುಗಳು ಗುಂಯ್ ಅಂತ ಓಡಾಡುತ್ತಿರುತ್ತವೆ. ಒಂಟೇರಿಯೊದಲ್ಲಿ ಇವುಗಳಿಗಾಗಿಯೇ ಸುಮಾರು 30,000 ಕಿ.ಮೀ. ಹಿಮದಾರಿ ಇದೆ. ಅದನ್ನು ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಆಯಾ ಊರಿನ ಕ್ಲಬ್ಬುಗಳ ಸ್ವಯಂಸೇವಕರು.

ಈ ಪಾಠದಲ್ಲಿ ನಾವು ಆ ಗಾಡಿಯ ಒಂದೇ ಒಂದು ಭಾಗವನ್ನು ಬಿಚ್ಚಿ ನೋಡೋಣ: ಕ್ಲಚ್ಚು. ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ಹದಕ್ಕೆ ತರುವುದು ಹೇಗೆ ಅಂತ ತಿಳಿಯೋಣ. "ನಮ್ಮ ಮನೇಲಿ ಸ್ನೋಮೊಬೈಲೇ ಇಲ್ಲವಲ್ಲ" ಅನ್ನಬೇಡಿ. ಬೆಂಗಳೂರಿನಲ್ಲಿ ನಿಮ್ಮ ಚಿಕ್ಕಮ್ಮ ತರಕಾರಿ ತರಲು ಹೋಗುವ ಸ್ಕೂಟರಿನೊಳಗೂ ಹೆಚ್ಚುಕಡಿಮೆ ಇದೇ ಯಂತ್ರ ಇದೆ!

ಹಿಮದ ಗಾಡಿ ಯಾಕೆ ಬೇಕಾಯಿತು?

ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಲ್ಲಿ 1907ರಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಹುಟ್ಟಿದರು. 15 ವರ್ಷದ ಹುಡುಗನಾಗಿದ್ದಾಗಲೇ ಹಳೇ ಫೋರ್ಡ್ ಕಾರಿನ ಎಂಜಿನ್ನನ್ನು ಜಾರುಬಂಡಿಗೆ ಕಟ್ಟಿ, ಹಿಂದೆ ಮರದ ಫ್ಯಾನು ಇಟ್ಟು, ಹಿಮದ ಮೇಲೆ ಓಡಿಸಿದವರು ಅವರು. ಆಗಿನ ಕಾಲದಲ್ಲಿ ಚಳಿಗಾಲ ಬಂತೆಂದರೆ ಹಳ್ಳಿಯ ರಸ್ತೆಗಳು ಹಿಮದಲ್ಲಿ ಹೂತುಹೋಗುತ್ತಿದ್ದವು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕಾಗಿ ತೀವ್ರ ಕಾಯಿಲೆಯಾಯಿತು. ಹಿಮದಿಂದಾಗಿ ಆಸ್ಪತ್ರೆಗೆ ಕರೆದೊಯ್ಯಲು ಆಗಲಿಲ್ಲ. ಮಗು ಉಳಿಯಲಿಲ್ಲ.

ಬೊಂಬಾರ್ಡಿಯೇ ಹಿಮದ ಗಾಡಿಯ ಕೆಲಸ ಬಿಡಲಿಲ್ಲ. 1930ರ ದಶಕದ ಕೊನೆಯ ಹೊತ್ತಿಗೆ ಏಳು ಜನ ಕೂರುವ ಹಿಮವಾಹನ ಮಾರಾಟಕ್ಕೆ ಬಂತು. ಅಂಥ ಗಾಡಿಗಳು ಆಂಬುಲೆನ್ಸ್ ಆದವು, ಶಾಲೆಯ ಬಸ್ಸಾದವು, ಡಾಕ್ಟರನ್ನು ಹಳ್ಳಿಗೆ ಕರೆತಂದವು. ಇಂದು ನಾವು ನೋಡುವಂಥ ಚಿಕ್ಕ ಗಾಡಿ, ಅಂದರೆ ಸ್ಕೀ-ಡೂ, ಬಂದಿದ್ದು 1959ರಲ್ಲಿ. ಆದ್ದರಿಂದ ಸ್ನೋಮೊಬೈಲು ಬರೀ ಮೋಜಿನ ಗಾಡಿಯಲ್ಲ. ಹೊರಟ ಕಡೆಗೆ ತಲುಪಿಸಬೇಕು, ಮತ್ತೆ ಮನೆಗೆ ಕರೆತರಬೇಕು. ಪಾಠದ ಕೊನೆಯಲ್ಲಿ ಈ ಮಾತು ನಮಗೆ ಮತ್ತೆ ಬೇಕಾಗುತ್ತದೆ.

ಎಂಜಿನ್ನಿಗೂ ಒಂದು ಹದ ಉಂಟು

ಅಮ್ಮ ದೋಸೆ ಹುಯ್ಯುವುದನ್ನು ನೋಡಿದ್ದೀರಲ್ಲ? ಕಾವಲಿ ಕಾಯದಿದ್ದರೆ ದೋಸೆ ಏಳುವುದಿಲ್ಲ, ಹೆಚ್ಚು ಕಾದರೆ ಸೀದುಹೋಗುತ್ತದೆ. ನಡುವೆ ಒಂದು ಹದ ಇದೆ. ಎಂಜಿನ್ನೂ ಹಾಗೆಯೇ. ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವುದಕ್ಕೆ ಆರ್.ಪಿ.ಎಂ. ಅನ್ನುತ್ತಾರೆ. ಅನೇಕ ಸ್ನೋಮೊಬೈಲ್ ಎಂಜಿನ್ನುಗಳು ಸುಮಾರು 8,000 ಆರ್.ಪಿ.ಎಂ. ಹತ್ತಿರ ತಮ್ಮ ಪೂರ್ತಿ ಶಕ್ತಿ ಕೊಡುತ್ತವೆ. ಅದಕ್ಕಿಂತ ಕಡಿಮೆ ತಿರುಗಿದರೂ ಶಕ್ತಿ ಕಡಿಮೆ, ಹೆಚ್ಚು ತಿರುಗಿದರೂ ಕಡಿಮೆ.

ಆದರೆ ಗಾಡಿಯ ವೇಗ ಒಂದೇ ಸಮ ಇರುವುದಿಲ್ಲವಲ್ಲ! ದಿಣ್ಣೆ ಹತ್ತಬೇಕು, ಮೆತ್ತನೆ ಹಿಮದಲ್ಲಿ ಒದ್ದಾಡಬೇಕು, ಗಟ್ಟಿ ದಾರಿಯಲ್ಲಿ ಓಡಬೇಕು. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಾ ಇರಬೇಕು, ಗಾಡಿಯ ವೇಗ ಮಾತ್ರ ಬದಲಾಗಬೇಕು. ಇದು ಹೇಗೆ ಸಾಧ್ಯ?

ನಿಮ್ಮ ಸೈಕಲ್ ನೆನೆಸಿಕೊಳ್ಳಿ. ಮುಂದೆ 32 ಹಲ್ಲಿನ ಚಕ್ರ, ಹಿಂದೆಯೂ 32 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು, ಹಿಂದಿನ ಗಾಲಿಯೂ ಒಂದು ಸುತ್ತು. ದಿಣ್ಣೆ ಹತ್ತಲು ಇದು ಸುಲಭ. ಹಿಂದೆ 16 ಹಲ್ಲಿನ ಚಕ್ರಕ್ಕೆ ಬದಲಾಯಿಸಿದರೆ ಗಾಲಿ ಎರಡು ಸುತ್ತು ತಿರುಗುತ್ತದೆ. ಸಮತಟ್ಟಾದ ರಸ್ತೆಗೆ ಇದು ಸರಿ. ಸ್ನೋಮೊಬೈಲಿನ ಕ್ಲಚ್ಚು ಈ ಕೆಲಸವನ್ನು ಹಲ್ಲಿಲ್ಲದೆ, ಗೇರಿಲ್ಲದೆ, ತಾನೇ ಮಾಡುತ್ತದೆ.

ಎರಡು ಡಮರು, ಒಂದು ಬೆಲ್ಟು

ಶಿವನ ಕೈಯ ಡಮರು ಚಿತ್ರ ನೋಡಿದ್ದೀರಿ. ಎರಡು ಕಡೆ ಅಗಲ, ನಡುವೆ ಸಣ್ಣ ಸೊಂಟ. ಈಗ ಆ ಡಮರುವನ್ನು ಸೊಂಟದ ಹತ್ತಿರ ಎರಡು ಭಾಗ ಮಾಡಿ, ಒಂದು ಭಾಗ ಹತ್ತಿರ ಬರುವ ಹಾಗೆ, ದೂರ ಹೋಗುವ ಹಾಗೆ ಮಾಡಿದರು ಅಂದುಕೊಳ್ಳಿ. ನಡುವಿನ ಸಂದಿಯಲ್ಲಿ ಒಂದು ರಬ್ಬರ್ ಬೆಲ್ಟು ಕೂತಿದೆ. ಎರಡು ಭಾಗ ಹತ್ತಿರ ಬಂದರೆ ಬೆಲ್ಟು ಹಿಂಡಿಸಿಕೊಂಡು ಅಂಚಿನ ಕಡೆಗೆ ಮೇಲೇರುತ್ತದೆ. ದೂರ ಹೋದರೆ ಸೊಂಟದ ಕಡೆಗೆ ಇಳಿಯುತ್ತದೆ. ಬೆಲ್ಟು ಮೇಲೇರಿದರೆ ದೊಡ್ಡ ಚಕ್ರ, ಇಳಿದರೆ ಚಿಕ್ಕ ಚಕ್ರ. ಅಷ್ಟೇ!

ಇಂಥ ರಾಟೆಗಳು ಎರಡು ಇವೆ. ಒಂದು ಎಂಜಿನ್ನಿಗೆ ಸೇರಿದ್ದು, ಇದು ಮುಂದಿನ ರಾಟೆ. ಇನ್ನೊಂದು ಹಿಮವನ್ನು ತಳ್ಳುವ ರಬ್ಬರ್ ಟ್ರ್ಯಾಕಿನ ಕಡೆಗೆ ಸೇರಿದ್ದು, ಇದು ಹಿಂದಿನ ರಾಟೆ. ಗಾಡಿ ಹೊರಡುವಾಗ ಬೆಲ್ಟು ಮುಂದೆ ಕೆಳಗೆ, ಹಿಂದೆ ಮೇಲೆ ಇರುತ್ತದೆ. ಆಗ ಮುಂದಿನದು ಮೂರಕ್ಕೂ ಹೆಚ್ಚು ಸುತ್ತು ಸುತ್ತಿದರೆ ಹಿಂದಿನದು ಒಂದು ಸುತ್ತು. ವೇಗ ಹೆಚ್ಚಿದ ಹಾಗೆಲ್ಲ ಬೆಲ್ಟು ಮುಂದೆ ಏರುತ್ತಾ, ಹಿಂದೆ ಇಳಿಯುತ್ತಾ ಹೋಗುತ್ತದೆ. ನಡುವೆ ಎಲ್ಲೂ ಗೇರು ಬದಲಾಯಿಸಿದ ಜರ್ಕು ಇಲ್ಲ.

ತಳ್ಳುವವರು ಯಾರು?

ಸಿ.ಎನ್.ಇ. ಜಾತ್ರೆಯಲ್ಲಿ ಸರಪಳಿ ಉಯ್ಯಾಲೆ ಗಿರಗಿರ ತಿರುಗುವಾಗ ಕುರ್ಚಿಗಳು ಹೊರಕ್ಕೆ ಹಾರುತ್ತವೆ, ಅಲ್ವಾ? ಮುಂದಿನ ರಾಟೆಯೊಳಗೂ ಚಿಕ್ಕ ತೋಳಿನಂಥ ಲೋಹದ ಬಟ್ಟುಗಳಿವೆ. ರಾಟೆ ತಿರುಗಿದಾಗ ಅವು ಹೊರಕ್ಕೆ ಹಾರಲು ನೋಡುತ್ತವೆ ಮತ್ತು ರಾಟೆಯ ಎರಡು ಭಾಗಗಳನ್ನು ಹತ್ತಿರ ತಳ್ಳುತ್ತವೆ. ಒಂದು ಸ್ಪ್ರಿಂಗ್ ಇದಕ್ಕೆ ಎದುರಾಗಿ, "ಬೇಡ, ದೂರ ಇರಿ" ಅಂತ ಒತ್ತುತ್ತದೆ. ಬಟ್ಟು ಮತ್ತು ಸ್ಪ್ರಿಂಗುಗಳ ಈ ಹಗ್ಗಜಗ್ಗಾಟದಲ್ಲೇ ಕ್ಲಚ್ಚಿನ ಹದ ಇರುವುದು. ಒಂದು ಲೆಕ್ಕ ನೆನಪಿಡಿ: ತಿರುಗುವ ವೇಗ ಎರಡು ಪಟ್ಟಾದರೆ ಬಟ್ಟಿನ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ.

ಹಿಂದಿನ ರಾಟೆ ಇನ್ನೂ ಜಾಣ. ಅದರಲ್ಲಿ ಒಂದು ಸ್ಪ್ರಿಂಗ್ ಜೊತೆಗೆ ಸುರುಳಿ ಮೆಟ್ಟಿಲಿನಂಥ ಓರೆ ದಾರಿ ಇದೆ. ಅದನ್ನು ಹೀಲಿಕ್ಸ್ ಅನ್ನುತ್ತಾರೆ. ದಿಣ್ಣೆಯಲ್ಲಿ ಟ್ರ್ಯಾಕಿಗೆ ಭಾರ ಬಿದ್ದಾಗ ಈ ಓರೆ ದಾರಿ ಹಿಂದಿನ ರಾಟೆಯ ಭಾಗಗಳನ್ನು ಬಿಗಿಯಾಗಿ ಒತ್ತುತ್ತದೆ. ಬೆಲ್ಟು ಹಿಂದೆ ಮೇಲೇರುತ್ತದೆ, ಮುಂದೆ ಇಳಿಯುತ್ತದೆ. ಅಂದರೆ ಗಾಡಿ ತಾನಾಗಿಯೇ ಸಣ್ಣ ಗೇರಿಗೆ ಬಂತು. ಮುಂದಿನ ರಾಟೆ ಎಂಜಿನ್ನಿನ ಮಾತು ಕೇಳುತ್ತದೆ, ಹಿಂದಿನದು ದಾರಿಯ ಮಾತು ಕೇಳುತ್ತದೆ.

ಊರಿನ ಸ್ಕೂಟರಿನಲ್ಲೂ ಇದೇ

ತಂದೆತಾಯಿಗಳಿಗೆ 1980ರ ದಶಕದ ಕೈನೆಟಿಕ್ ಹೋಂಡಾ ನೆನಪಿರಬಹುದು. ಗೇರು ಹಾಕುವ ತಾಪತ್ರಯ ಇಲ್ಲ, ಕಿಕ್ ಹೊಡೆಯುವ ಕಷ್ಟ ಇಲ್ಲ, ಕೀ ತಿರುಗಿಸಿ ಬಟನ್ ಒತ್ತಿದರೆ ಆಯಿತು. ಈಗ ಊರ ತುಂಬ ಓಡುವ ಆಕ್ಟಿವಾದಲ್ಲೂ ಬೆಲ್ಟು, ರಾಟೆ, ಬಟ್ಟು ಎಲ್ಲ ಇವೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ. ಸ್ಕೂಟರಿನಲ್ಲಿ ಬಟ್ಟಿನ ಬದಲು ಗುಂಡನೆಯ ರೋಲರುಗಳು, ಗಾಡಿಯನ್ನು ಹೊರಡಿಸಲು ಹಿಂದೆ ಬೇರೊಂದು ಚಿಕ್ಕ ಕ್ಲಚ್ಚು. ಸ್ನೋಮೊಬೈಲಿನಲ್ಲಿ ಆ ಬೇರೆ ಕ್ಲಚ್ಚು ಇಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಮುಂದಿನ ರಾಟೆ ಬೆಲ್ಟನ್ನು ಹಿಡಿದುಕೊಂಡೇ ಇರುವುದಿಲ್ಲ. ಇಷ್ಟೇ ವ್ಯತ್ಯಾಸ.

ಒಂದು ತಮಾಷೆ ಕೇಳಿ. 1958ರಲ್ಲಿ ನೆದರ್ಲೆಂಡ್ಸಿನ ಡಾಫ್ ಕಂಪನಿ ಇಂಥದೇ ರಬ್ಬರ್ ಬೆಲ್ಟಿನ ಕಾರು ತಂದಿತು. ಅದರಲ್ಲಿ ರಿವರ್ಸಿಗೆ ಬೇರೆ ಗೇರಿನ ಮಿತಿ ಇರಲಿಲ್ಲ. ಹಾಗಾಗಿ ಆ ಕಾರು ಮುಂದಕ್ಕೆ ಓಡುವಷ್ಟೇ ಜೋರಾಗಿ ಹಿಂದಕ್ಕೂ ಓಡುತ್ತಿತ್ತು. ಆಮೇಲೆ ಅಲ್ಲಿನವರು ಹಿಂದಕ್ಕೆ ಓಡಿಸುವ ರೇಸನ್ನೇ ನಡೆಸಿದರು!

ಹದ ಮಾಡುವ ಕ್ರಮ

ಇದು ದೊಡ್ಡವರು ಮಾಡುವ ಕೆಲಸ. ಮಕ್ಕಳ ಕೆಲಸ ನೋಡುವುದು, ಬರೆದುಕೊಳ್ಳುವುದು, ಲೆಕ್ಕ ಹಾಕುವುದು. ಅದೇನು ಸಣ್ಣ ಕೆಲಸವಲ್ಲ.

1. ಮೊದಲು ಬೆಲ್ಟು ನೋಡಿ. ಸವೆದು ಅಗಲ ಕಡಿಮೆಯಾಗಿದೆಯೇ? ಬಿರುಕು ಬಿಟ್ಟಿದೆಯೇ? ಎರಡು ರಾಟೆಗಳು ಒಂದೇ ನೇರದಲ್ಲಿವೆಯೇ? ಸವೆದ ಬೆಲ್ಟಿನ ಮೇಲೆ ಹಾಕಿದ ಲೆಕ್ಕವೆಲ್ಲ ಸುಳ್ಳು. ಎಷ್ಟೋ ಸಲ ಹೊಸ ಬೆಲ್ಟು ಹಾಕಿದರೇ ಗಾಡಿ ಸರಿಹೋಗುತ್ತದೆ.

2. ಗಾಡಿಯ ಕೈಪಿಡಿಯಲ್ಲಿ ಪೂರ್ತಿ ಶಕ್ತಿಯ ಆರ್.ಪಿ.ಎಂ. ಎಷ್ಟು ಅಂತ ಓದಿ ಬರೆದಿಡಿ. ನಮ್ಮ ಗುರಿ ಅದೇ.

3. ಒಂದೇ ಜಾಗ, ಒಂದೇ ದಿನ, ಒಂದೇ ಥರದ ಹಿಮ. ದೊಡ್ಡವರು ಸುರಕ್ಷಿತವಾದ ಜಾಗದಲ್ಲಿ ಥ್ರಾಟಲ್ ಪೂರ್ತಿ ಒತ್ತಿ ಓಡಿಸಲಿ. ಮೂರು ಸಲ ನೋಡಿ ಸರಾಸರಿ ತೆಗೆಯಿರಿ.

4. ಆರ್.ಪಿ.ಎಂ. ಗುರಿಗಿಂತ ಕಡಿಮೆ ಬಂದರೆ ಬಟ್ಟು ಭಾರವಾಗಿದೆ. ಅದು ಬೇಗನೆ ದೊಡ್ಡ ಗೇರಿಗೆ ತಳ್ಳಿ ಎಂಜಿನ್ನಿಗೆ ಉಸಿರು ಕಟ್ಟಿಸುತ್ತಿದೆ. ತೂಕ ಇಳಿಸಬೇಕು. ಗುರಿಗಿಂತ ಹೆಚ್ಚು ಬಂದರೆ ಬಟ್ಟು ಹಗುರ, ತೂಕ ಏರಿಸಬೇಕು. ಮೂರು ಬಟ್ಟಿದ್ದರೆ ಮೂರಕ್ಕೂ ಸಮನಾಗಿ ಬದಲಾಯಿಸಬೇಕು. ಇಲ್ಲದಿದ್ದರೆ ಕ್ಲಚ್ಚು ನಡುಗುತ್ತದೆ.

5. ಗಾಡಿ ಹೊರಡುವಾಗ ತೀರಾ ಬೇಗ ಅಥವಾ ತೀರಾ ತಡವಾಗಿ ಎಳೆದರೆ ಮುಂದಿನ ಸ್ಪ್ರಿಂಗ್ ನೋಡಬೇಕು. ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಒತ್ತಿದಾಗ ಗಾಡಿ ಮಂಕಾದರೆ ಹಿಂದಿನ ಸ್ಪ್ರಿಂಗ್ ಮತ್ತು ಹೀಲಿಕ್ಸ್ ನೋಡಬೇಕು.

6. ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಎಲ್ಲಕ್ಕಿಂತ ಮುಖ್ಯ. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ರುಚಿ ಕೆಟ್ಟಿದ್ದು ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು?

ಎತ್ತರದ ಜಾಗದಲ್ಲಿ ಗಾಳಿ ತೆಳು. ಎಂಜಿನ್ ಸುಮಾರು ಪ್ರತಿ 300 ಮೀಟರಿಗೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಒಂಟೇರಿಯೊದಲ್ಲಿ ಹದವಾಗಿದ್ದ ಗಾಡಿಯನ್ನು ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಿಗೆ ಒಯ್ದರೆ ಬಟ್ಟನ್ನು ಹಗುರ ಮಾಡಬೇಕಾಗುತ್ತದೆ.

ಗಮನಿಸಿ: ಇಷ್ಟೆಲ್ಲ ಮಾಡಿದರೂ ಎಂಜಿನ್ನಿಗೆ ಹೊಸ ಶಕ್ತಿ ಬಂದಿಲ್ಲ. ಇದ್ದ ಶಕ್ತಿ ಪೋಲಾಗದೆ ಹಿಮದವರೆಗೆ ತಲುಪಿತು, ಅಷ್ಟೇ.

ಮನೆಗೆ ಮರಳುವ ಮಾತು

ಹದ ತಪ್ಪಿದ ಕ್ಲಚ್ಚಿನಲ್ಲಿ ಬೆಲ್ಟು ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಹರಿಯುತ್ತದೆ. ಸಂಜೆ ಐದಕ್ಕೇ ಕತ್ತಲಾಗುವ ಜನವರಿಯಲ್ಲಿ, ಮೈನಸ್ 20ರ ಚಳಿಯಲ್ಲಿ, ಫೋನಿಗೆ ಸಿಗ್ನಲ್ ಸಿಗದ ಕಾಡಿನಲ್ಲಿ ಬೆಲ್ಟು ಹರಿದರೆ ಏನು ಗತಿ? ಅದಕ್ಕೇ ತಿಳಿದವರು ಸೀಟಿನ ಕೆಳಗೆ ಇನ್ನೊಂದು ಬೆಲ್ಟು ಇಟ್ಟುಕೊಳ್ಳದೆ ಹೊರಡುವುದಿಲ್ಲ. ಅದನ್ನು ಹಾಕುವುದು ಹೇಗೆ ಅಂತ ಮನೆಯಲ್ಲೇ ಕಲಿತಿರುತ್ತಾರೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಮನೆಯವರಿಗೆ ಹೇಳಿಯೇ ಹೋಗುತ್ತಾರೆ.

ಇನ್ನೂ ಕೆಲವು ನಿಯಮಗಳು:

• ಕ್ಲಚ್ಚಿನ ಮೇಲಿನ ಮುಚ್ಚಳ ತೆಗೆದು ಎಂಜಿನ್ ಓಡಿಸಲೇಬಾರದು. ಆ ವೇಗದಲ್ಲಿ ಬೆಲ್ಟು ಹರಿದರೆ ಅದರ ತುಂಡು ಗುಂಡಿನಂತೆ ಹಾರುತ್ತದೆ. ಮಫ್ಲರ್, ಕೂದಲು ಹತ್ತಿರ ಹೋಗಲೇಕೂಡದು.

• ಒಂಟೇರಿಯೊದ ಹಿಮದಾರಿಗಳಲ್ಲಿ ಗಾಡಿ ಓಡಿಸಲು ಕನಿಷ್ಠ 12 ವರ್ಷ ಆಗಿರಬೇಕು, ಲೈಸೆನ್ಸ್ ಇರಬೇಕು, ಹೆಲ್ಮೆಟ್ ಬೇಕೇ ಬೇಕು.

• ಹೆಪ್ಪುಗಟ್ಟಿದ ಸರೋವರ ಕಂಡ ಕೂಡಲೇ ಇಳಿಯಬೇಡಿ. ಸ್ನೋಮೊಬೈಲಿಗೆ ಕನಿಷ್ಠ 25 ಸೆಂ.ಮೀ. ದಪ್ಪದ ಮಂಜುಗಡ್ಡೆ ಬೇಕು ಎಂದು ಕೆನಡಾದ ರೆಡ್ ಕ್ರಾಸ್ ಹೇಳುತ್ತದೆ. ಒಂದು ಕಡೆ ದಪ್ಪ ಇದ್ದರೆ ಇನ್ನೊಂದು ಕಡೆಯೂ ಇರುತ್ತದೆ ಅಂತ ಇಲ್ಲ.

ಗಾಡಿಯ ಸಾಮರ್ಥ್ಯ ಅಂದರೆ ಎಷ್ಟು ಜೋರಾಗಿ ಓಡಿತು ಅನ್ನುವುದಷ್ಟೇ ಅಲ್ಲ. ವಾಲ್ಕೂರಿನ ಆ ತಂದೆಗೆ ಬೇಕಿದ್ದದ್ದು ಹಿಮದಲ್ಲಿ ನಿಂತುಹೋಗದ ಗಾಡಿ.

ಹೊಸ ಪದಗಳು

ಹದ: ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ಸರಿಯಾದ ಸ್ಥಿತಿ
ರಾಟೆ: ಹಗ್ಗ ಅಥವಾ ಬೆಲ್ಟು ಸುತ್ತಿ ತಿರುಗುವ ಚಕ್ರ
ಬಟ್ಟು: ತೂಕಕ್ಕಾಗಿ ಇಡುವ ಲೋಹದ ತುಂಡು
ದಿಣ್ಣೆ: ಏರು ಇರುವ ಜಾಗ
ಸವೆ: ಉಜ್ಜಿ ಉಜ್ಜಿ ತೆಳ್ಳಗಾಗು

ಅಭ್ಯಾಸ

1. ಒಂದು ಗಾಡಿಯ ಗುರಿ 8,000 ಆರ್.ಪಿ.ಎಂ. ಮೂರು ಓಟಗಳಲ್ಲಿ 7,650, 7,700, 7,750 ಬಂತು. ಸರಾಸರಿ ಎಷ್ಟು? ಗುರಿಗೆ ಎಷ್ಟು ಕಡಿಮೆ? ಈ ಗಾಡಿಯಲ್ಲಿ ಪ್ರತಿ ಬಟ್ಟಿನಿಂದ 1 ಗ್ರಾಂ ಇಳಿಸಿದರೆ 100 ಆರ್.ಪಿ.ಎಂ. ಏರುತ್ತದೆ ಅಂದುಕೊಂಡರೆ, ಎಷ್ಟು ಗ್ರಾಂ ಇಳಿಸಬೇಕು?

2. ರಾಟೆ ತಿರುಗುವ ವೇಗ ಮೂರು ಪಟ್ಟಾದರೆ ಬಟ್ಟಿನ ಬಲ ಎಷ್ಟು ಪಟ್ಟಾಗುತ್ತದೆ?

3. ಒಂದು ದೊಡ್ಡ ಡಬ್ಬಿ ಮುಚ್ಚಳ, ಒಂದು ಚಿಕ್ಕ ಮುಚ್ಚಳ ತೆಗೆದುಕೊಳ್ಳಿ. ದಾರವನ್ನು ಎರಡಕ್ಕೂ ಒಂದೊಂದು ಸುತ್ತು ಸುತ್ತಿ ಅಳೆಯಿರಿ. ದೊಡ್ಡದು ಒಂದು ಸುತ್ತು ತಿರುಗಿದರೆ ಚಿಕ್ಕದು ಎಷ್ಟು ಸುತ್ತು ತಿರುಗಬೇಕು?

4. ಈ ವಾರ ಊರಿಗೆ ಫೋನ್ ಮಾಡಿದಾಗ, ಅವರ ಸ್ಕೂಟರಿನಲ್ಲಿ ಗೇರು ಯಾಕೆ ಇಲ್ಲ ಅಂತ ಅಜ್ಜನಿಗೋ ಚಿಕ್ಕಮ್ಮನಿಗೋ ಕನ್ನಡದಲ್ಲೇ ವಿವರಿಸಿ. ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು ಮುಂದಿನ ತರಗತಿಗೆ ತನ್ನಿ.