ಎಳೆಗರು, ಕುರಿಮರಿಗಳ ಆಹಾರದಲ್ಲಿ ಅಮೈನೋ ಆಮ್ಲ ಮತ್ತು ರೋಗನಿರೋಧಕ ಶಕ್ತಿ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ಬೇಸಿಗೆ ಬಂದೊಡನೆ ಹಾಲು ಬಿಟ್ಟ ಕರು, ಮರಿಗಳಿಗೆ ಬಹುತೇಕ ಜೋಳದ ಕಣಿಕೆಯೇ ಆಹಾರ. ಕಣಿಕೆ ಹೊಟ್ಟೆ ತುಂಬಿಸುತ್ತದೆ. ಅದರಲ್ಲಿ ಪ್ರೋಟೀನ್ ಅತ್ಯಲ್ಪ. ರೋಗಾಣುವನ್ನು ಎದುರಿಸುವ ಪ್ರತಿಕಾಯಗಳು ಸ್ವತಃ ಪ್ರೋಟೀನುಗಳಾದುದರಿಂದ ಅಮೈನೋ ಆಮ್ಲಗಳ ಕೊರತೆಯಲ್ಲಿ ಅವು ಸಾಕಷ್ಟು ರೂಪುಗೊಳ್ಳವು. ಅಂಥ ಮರಿಗೆ ಪಿಪಿಆರ್ ಲಸಿಕೆ ಹಾಕಿಸಿದರೂ ನಿರೀಕ್ಷಿತ ರಕ್ಷಣೆ ದೊರೆಯದಿರಬಹುದು. ಲಸಿಕಾ ಶಿಬಿರದ ವಹಿ ತುಂಬಿತೆಂದು ಸದಸ್ಯರು ಸಮಾಧಾನಪಡುವಂತಿಲ್ಲ.

ಆಗತಾನೆ ಹುಟ್ಟಿದ ಕರುವಿನ ಸಂಗತಿ ಬೇರೆ. ಮೇವನ್ನು ಅಮೈನೋ ಆಮ್ಲವಾಗಿಸುವ ಸೂಕ್ಷ್ಮಜೀವಿಗಳು ಅದರ ದೊಡ್ಡ ಹೊಟ್ಟೆಯಲ್ಲಿ ಇನ್ನೂ ನೆಲೆಸಿರುವುದಿಲ್ಲ, ಹಾಲೇ ಆಧಾರ. ತಾಯಿಯ ಪ್ರತಿಕಾಯಗಳು ಗಿಣ್ಣದ ಹಾಲಿನಿಂದಲೇ ಬರಬೇಕು. ಕರುಳು ಅವನ್ನು ಇಡಿಯಾಗಿ ಹೀರುವುದು ಸುಮಾರು 24 ತಾಸು ಮಾತ್ರ, ಅದೂ ಹೊತ್ತು ಕಳೆದಂತೆ ಕುಗ್ಗುತ್ತದೆ. 20 ಕಿಲೋ ತೂಕದ ಕರುವಿಗೆ ಮೊದಲ ದಿನ ಕನಿಷ್ಠ 2 ಲೀಟರ್ ಬೇಕು. ಗಿಣ್ಣ ರುಚಿಯಾದ ತಿನಿಸೇ ಹೌದು. ಆದರೆ ಮನೆಯವರ ಪಾಲು ಕರುವಿನ ಪಾಲಿನ ನಂತರ.

ಹಾಲು ಬಿಡಿಸುವ ಕಾಲದ ದಾಣಿಗೆ ಜೋಳದ ನುಚ್ಚೊಂದೇ ಸಾಲದು, ಅದರಲ್ಲಿ ಲೈಸಿನ್ ಕಡಿಮೆ. ತೊಗರಿ ಚುನ್ನಿ ಆ ಕೊರತೆಯನ್ನು ತುಂಬುತ್ತದೆ. ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಳ್ಳಿನ ಹಿಂಡಿಯಲ್ಲಿ ಧಾರಾಳ. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಮಾತ್ರ ಕೊಡಕೂಡದು. ಅದರ ಅಫ್ಲಾಟಾಕ್ಸಿನ್ ವಿಷವು ರೋಗನಿರೋಧಕ ಶಕ್ತಿಯನ್ನೇ ಕುಂದಿಸುತ್ತದೆ.