200 ರೂಪಾಯಿ ಚೂರಿಗೆ ಐದು ಪರೀಕ್ಷೆ

ಕಳೆದ ದೀಪಾವಳಿ ರಜೆಗೆ ನಾವು ಮೂವರು ಮೆಕ್ಯಾನಿಕಲ್ ಹುಡುಗರು ಗೆಳೆಯನ ಊರಿಗೆ ಹೋಗಿದ್ವಿ. ಊರು ಸಖರಾಯಪಟ್ಟಣ, ಕಡೂರಿಂದ ಚಿಕ್ಕಮಗಳೂರಿಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ಹತ್ತಿರದಲ್ಲೇ ಅಯ್ಯನಕೆರೆ, ಸುತ್ತ ತೆಂಗು, ಅಡಿಕೆ ತೋಟ. ತೋಟದಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ನಮ್ಮಲ್ಲೊಬ್ಬ ಆನ್‌ಲೈನ್‌ನಲ್ಲಿ 200 ರೂಪಾಯಿಗೆ ಒಂದು ಚೂರಿ ತರಿಸಿದ್ದ. ಕಪ್ಪು ಬಣ್ಣ, ಬೆನ್ನಿನ ಮೇಲೆ ಗರಗಸದ ಹಲ್ಲು, ಥೇಟ್ ಸಿನಿಮಾ ಚೂರಿ. ಎರಡನೇ ದಿನ ಡ್ರಿಪ್ ಪೈಪ್ ಕುಯ್ಯುವಾಗ ಅದು ಹಿಡಿಯ ಬುಡದಲ್ಲೇ ಲಟಕ್ಕನೆ ಮುರೀತು. ಅವನ ಅಂಗೈಗೆ ನಾಲ್ಕು ಹೊಲಿಗೆ ಬಿತ್ತು.

ಗೆಳೆಯನ ಅಜ್ಜ ಬೈಯಲಿಲ್ಲ. ಸೊಂಟದಿಂದ ತಮ್ಮ ಚೂರಿ ತೆಗೆದು ಉಳಿದ ಪೈಪ್ ಕುಯ್ದು ಕೊಟ್ಟರು. "ಇದು ನಿಮ್ಮಪ್ಪ ಹುಟ್ಟೋಕೆ ಮುಂಚಿನದು ಕಣೋ" ಅಂತ ಮೊಮ್ಮಗನಿಗೆ ಹೇಳಿದರು. ಲಾರಿಯ ಹಳೇ ಕಮಾನ್ ಪಟ್ಟಿಯಿಂದ ಕುಲುಮೆಯಲ್ಲಿ ಮಾಡಿಸಿದ್ದು. ಎರಡೂ ಉಕ್ಕೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಒಂದು ಮುರಿದು ಇನ್ನೊಂದು ಉಳಿದದ್ದು ಯಾಕೆ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕ ಪಾಠ ಇದು. ದಿನಾ ಜೊತೆಯಲ್ಲಿಟ್ಟುಕೊಳ್ಳುವ ಸಣ್ಣ ಚೂರಿ ಕೊಳ್ಳುವವರು ಈ ಐದನ್ನು ನೋಡಿ ಕೊಳ್ಳಿ.

1. ಹಿಡಿಯೊಳಗಿನ ಬಾಲ

ಮಡಚುವ ಚಾಕುವಿನಲ್ಲಿ ಕೀಲು ಇರುತ್ತೆ. ಕೀಲು ಸಡಿಲವಾದರೆ ಅಲಗು ಬೆರಳ ಮೇಲೇ ಮಡಚಿಕೊಳ್ಳಬಹುದು. ಮಡಚದ ಚೂರಿಗೆ ಆ ಭಯ ಇಲ್ಲ. ಆದರೆ ಅದರ ಬಲವೆಲ್ಲ ಹಿಡಿಯೊಳಗೆ ಹೋಗುವ ಬಾಲದಲ್ಲಿದೆ. ಮುರಿದ ಚೂರಿಯ ಹಿಡಿ ಒಡೆದು ನೋಡಿದರೆ ಬಾಲ ಕಿರುಬೆರಳಿಗಿಂತ ಕಿರಿದು. ಅಲಗು ಮುಗಿದು ಬಾಲ ಶುರುವಾಗುವ ಕಡೆ ಎಲ್ ಅಕ್ಷರದ ಹಾಗೆ ಚೂಪು ಮೂಲೆ ಬೇರೆ. ಸ್ಟ್ರೆಸ್ ಕಾನ್ಸಂಟ್ರೇಶನ್ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆವಲ್ಲ, ಅದೇ ಇದು. ಒತ್ತಡವೆಲ್ಲ ಆ ಮೂಲೆಗೆ ಬಂದು ನಿಲ್ಲುತ್ತೆ, ಬಿರುಕು ಅಲ್ಲಿಂದಲೇ ಹೊರಡುತ್ತೆ. ಅಜ್ಜನ ಚೂರಿಯಲ್ಲಿ ಪಟ್ಟಿ ಹಿಡಿಯ ತುದಿತನಕ ಹೋಗಿತ್ತು, ಎರಡು ಬದಿಗೆ ಮರದ ಹಲ್ಲೆ ಇಟ್ಟು ರಿವೆಟ್ ಹೊಡೆದಿತ್ತು. ಕೊಳ್ಳುವಾಗ ಹಿಡಿಯ ಅಂಚಿನಲ್ಲಿ ಉಕ್ಕು ಕಾಣುತ್ತಾ ನೋಡಿ. ಕಾಣದಿದ್ದರೆ ಬಾಲ ಎಷ್ಟಿದೆ ಅಂತ ಕೇಳಿ.

2. ಹದ

ಅಂಗಡಿಯಲ್ಲಿ ಎಲ್ಲ ಚೂರಿಯೂ ಚೂಪೇ. ಆ ಚೂಪು ಎಷ್ಟು ದಿನ ನಿಲ್ಲುತ್ತೆ ಅನ್ನೋದು ಹದಕ್ಕೆ ಬಿಟ್ಟಿದ್ದು. ಮೈಲ್ಡ್ ಸ್ಟೀಲ್‌ನಲ್ಲಿ ಕಾರ್ಬನ್ ಸುಮಾರು 0.25 ಶೇಕಡಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಚೂರಿಗೆ ಬೇಕಾದ ಗಡಸು ಬರಲ್ಲ. ಕಮಾನ್ ಪಟ್ಟಿಯಲ್ಲಿ 0.5ರಿಂದ 0.6 ಶೇಕಡ ಇರುತ್ತೆ. ಅದನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಡಸಾಗುತ್ತೆ, ಆದರೆ ಗಾಜಿನಂತೆ ಪೆಡಸು. ಆಮೇಲೆ ಸುಮಾರು 200 ಡಿಗ್ರಿಗೆ ಮತ್ತೆ ಕಾಯಿಸಿದರೆ ಆ ಪೆಡಸುತನ ಇಳಿಯುತ್ತೆ. ಕುಲುಮೆಯಲ್ಲಿ ಥರ್ಮಾಮೀಟರ್ ಇಲ್ಲ, ಬಣ್ಣವೇ ಅಳತೆ. ಉಜ್ಜಿ ಹೊಳಪು ಮಾಡಿದ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಬೇಕು. ನೀಲಿಗೆ ಹೋದರೆ ಸುಮಾರು 300 ಡಿಗ್ರಿ ಮುಟ್ಟಿತು, ಅಲಗು ಬೇಕಾದ್ದಕ್ಕಿಂತ ಮೆತ್ತಗಾಯಿತು.

ಹದ ನೋಡೋಕೆ ಒಂದು ಅರ ಸಾಕು. ಅಲಗಿನ ಬುಡದಲ್ಲಿ, ಬಾಯಿಯ ಹತ್ತಿರ, ಮೆಲ್ಲಗೆ ಎಳೆಯಿರಿ. ಅರ ಬೆಣ್ಣೆಯಲ್ಲಿ ಹೋದಂತೆ ಕಚ್ಚಿದರೆ ಉಕ್ಕು ಮೆತ್ತಗಿದೆ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ತೀರಾ ಗಡಸು, ಬಾಯಿ ಚಕ್ಕೆ ಏಳಬಹುದು. ಕಷ್ಟಪಟ್ಟು ಸ್ವಲ್ಪವೇ ಕಚ್ಚಬೇಕು. ಬೆನ್ನಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಎಷ್ಟೋ ಕಡೆ ಬಾಯಿಯನ್ನಷ್ಟೇ ಎಣ್ಣೆಗೆ ಅದ್ದಿ ಬೆನ್ನನ್ನು ಬೇಕಂತಲೇ ಮೆತ್ತಗೆ ಬಿಡುತ್ತಾರೆ.

3. ದಪ್ಪ

ಬಾಗುವಿಕೆಗೆ ಅಲಗು ಕೊಡುವ ಪ್ರತಿರೋಧ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 2 ಮಿಲಿಮೀಟರ್ ಬದಲು 3 ಇದ್ದರೆ ಅದು ಸುಮಾರು 3.4 ಪಟ್ಟು. ಹಾಗಂತ 5 ಮಿಲಿಮೀಟರ್ ತಗೊಂಡರೆ ಮಾವಿನಕಾಯಿ ಕುಯ್ಯೋದಿಲ್ಲ, ಸೀಳುತ್ತೆ. ಹಗ್ಗ, ಪೈಪ್, ಹಣ್ಣು ಕುಯ್ಯೋಕೆ ಬೆನ್ನು 2ರಿಂದ 3 ಮಿಲಿಮೀಟರ್ ಸಾಕು. ಬಾಯಿ ಮಸೆಯುವಾಗ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಕೋನ ಇರಲಿ. ಮೊಂಡಾಗೋಕೆ ಬಿಡಬೇಡಿ. ಮೊಂಡು ಚೂರಿಗೆ ಜಾಸ್ತಿ ಒತ್ತುತ್ತೀವಿ, ಜಾರಿದರೆ ಕೈಯೂ ಅಷ್ಟೇ ಜೋರಾಗಿ ಕುಯ್ಯುತ್ತೆ.

4. ತುಕ್ಕು ಮತ್ತು ಒರೆ

ಕಮಾನ್ ಪಟ್ಟಿ ಸ್ಟೇನ್‌ಲೆಸ್ ಅಲ್ಲ. ಹಸಿ ಅಡಿಕೆ ಕುಯ್ದರೆ ಅಲಗು ಕಪ್ಪಾಗುತ್ತೆ. ಅಡಿಕೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ಹಳೇ ಕಾಲದ ಶಾಯಿಯ ರಸಾಯನವೇ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು, ಒದ್ದೆಯಾಗಿ ಒರೆಗೆ ಹಾಕಬೇಡಿ. ಒರೆಯನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿ. ಚೂರಿ ಬಿದ್ದರೆ ಆ ಒರೆ ಬೇಡ, ಮರ ಹತ್ತುವಾಗ ಅದು ಬೀಳೋದು ನಿಮ್ಮ ಕಾಲ ಮೇಲೆ.

5. ಕಾನೂನು

ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತಿದೆ. ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕೆ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ತೋಟದ ಕೆಲಸಕ್ಕೆ ಮೂರೂವರೆ ಇಂಚು ಧಾರಾಳ. ಅಳತೆ ಸರಿ ಇದೆ ಅಂತ ಎಲ್ಲ ಕಡೆ ಒಯ್ಯುವ ಹಾಗಿಲ್ಲ. ವಿಮಾನದ ಕೈಚೀಲಕ್ಕೆ ಹಾಕಬೇಡಿ, ಕಾಲೇಜು, ಹಾಸ್ಟೆಲ್‌ಗಂತೂ ತರಲೇಬೇಡಿ. ಚೂರಿಯ ಜಾಗ ತೋಟ.

ಇಷ್ಟು ಕಲಿತ ಮೇಲೆ ನಾವು ಕುಲುಮೆಗೆ ಹೋಗಿ ಒಂದು ಚೂರಿ ಮಾಡಿಸಿದ್ವಿ. ಅದೇ 200 ರೂಪಾಯಿ, ಪಟ್ಟಿ ತುಂಡು ನಮ್ಮದು. ಅರ ಎಳೆದು ನೋಡಿದರೆ ಸಲೀಸಾಗಿ ಕಚ್ಚಿತು! ಹೇಳೋಕೆ ಸಂಕೋಚ, ಆದರೂ ಹೇಳಿದ್ವಿ. ಆಚಾರ್ರು ಅರ ಇಸ್ಕೊಂಡು ತಾವೇ ಎಳೆದು ನೋಡಿದರು. "ಹೌದಪ್ಪ, ಹದ ತಪ್ಪೈತೆ. ಕೂತ್ಕೊಳ್ಳಿ" ಅಂದು ಮತ್ತೆ ಕೆಂಡಕ್ಕೆ ಹಾಕಿದರು. ಅರ್ಧ ಗಂಟೆಯಲ್ಲಿ ಸರಿಯಾಯಿತು, ಮೇಲೆ ಒಂದು ರೂಪಾಯಿ ಕೇಳಲಿಲ್ಲ.

ಕುಲುಮೆಯದು ಅಂದಮಾತ್ರಕ್ಕೆ ಒಳ್ಳೇದಲ್ಲ, ಆನ್‌ಲೈನ್‌ನದು ಅಂದಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಎರಡನ್ನೂ ಪರೀಕ್ಷೆ ಮಾಡಲೇಬೇಕು. ವ್ಯತ್ಯಾಸ ಇಷ್ಟೇ: ಅರ ಕಚ್ಚಿದಾಗ ತಪ್ಪು ತಿದ್ದುವವರು ಕುಲುಮೆಯಲ್ಲಿ ನಮ್ಮೆದುರೇ ಕೂತಿದ್ದರು. ಹೊಲಿಗೆ ಬಿಚ್ಚಿಸಿಕೊಂಡ ಗೆಳೆಯ ಆ ಚೂರಿಯನ್ನು ಅಜ್ಜನ ತೋಟದಲ್ಲೇ ಬಿಟ್ಟು ಬಂದಿದ್ದಾನೆ. ಮುಂದಿನ ರಜೆಗೆ ಹೋದಾಗ ಬಾಯಿ ಹೇಗಿದೆ ಅಂತ ನೋಡಬೇಕು. ನಿಮ್ಮೂರಲ್ಲೂ ಕುಲುಮೆ ಇದ್ದರೆ, ಜೇಬಲ್ಲೊಂದು ಅರ ಇಟ್ಟುಕೊಂಡು ಒಮ್ಮೆ ಹೋಗಿ ಬನ್ನಿ.