ಸಿಡ್ನಿ ಮನೆಯ ಹುಳುಹುಪ್ಪಟೆ, ಹಿತ್ತಲಿನ ಜೀವಿಗಳು

ಸಿಡ್ನಿಗೆ ಹೊಸದಾಗಿ ಬಂದ ಮನೆಯವರನ್ನು ಮೊದಲು ಬೆಚ್ಚಿಬೀಳಿಸುವುದು ಹಂಟ್ಸ್‌ಮನ್ ಜೇಡ. ಕಾಲು ಚಾಚಿದರೆ ಅಂಗೈ ಅಗಲ. 15 ಸೆಂಟಿಮೀಟರ್‌ವರೆಗೆ ಬೆಳೆಯುವುದೂ ಉಂಟು. ಮಳೆಗೆ ಮುಂಚೆ ಬಾಗಿಲ ಸಂದಿಯಿಂದ ಒಳಗೆ ನುಸುಳಿ, ಮಲಗುವ ಕೋಣೆಯ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡು ಕೂರುತ್ತದೆ. ಇದು ಬಲೆ ಕಟ್ಟಿ ಕಾಯುವ ಜಾತಿಯಲ್ಲ, ಓಡಾಡಿ ಜಿರಳೆ ಹಿಡಿಯುತ್ತದೆ. ಊರ ಮನೆಗಳಲ್ಲಿ ಹಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಇದು ಮಾಡುತ್ತದೆ ಎನ್ನಬಹುದು. ಕಚ್ಚುವುದು ಅಪರೂಪ, ಕಚ್ಚಿದರೆ ನೋವು, ಊತ, ಅಷ್ಟೇ. ಅಗಲ ಬಾಯಿಯ ಡಬ್ಬಿಯನ್ನು ಮೆಲ್ಲಗೆ ಮೇಲೆ ಕವುಚಿ, ಅಡಿಯಲ್ಲಿ ಗಟ್ಟಿ ರಟ್ಟು ತೂರಿಸಿ, ಹೊರಗೆ ಗಿಡದ ಬುಡದಲ್ಲಿ ಬಿಟ್ಟರೆ ಮುಗಿಯಿತು. ಕಾರಿನಲ್ಲಿ ಬಿಸಿಲು ಮರೆಯ ಪಟ್ಟಿಯ ಹಿಂದಿನಿಂದ ಇಳಿದು ಬಂದರೆ ಮಾತ್ರ ಎಚ್ಚರ ಬೇಕು: ಮೊದಲು ಕಾರನ್ನು ಬದಿಗೆ ನಿಲ್ಲಿಸಬೇಕು, ಆಮೇಲೆ ಜೇಡದ ಮಾತು.

ನಿಜವಾಗಿ ಹೆದರಬೇಕಾದ ಜೇಡ ಫನೆಲ್‌ವೆಬ್. ಹಂಟ್ಸ್‌ಮನ್‌ಗಿಂತ ಚಿಕ್ಕದು, ಮಿರುಗುವ ಕಪ್ಪು ಬಣ್ಣ, ನೆಲದ ಬಿಲದಲ್ಲಿ ವಾಸ. ಬೇಸಿಗೆಯಲ್ಲೂ ಅದರ ನಂತರದ ಶರತ್ಕಾಲದಲ್ಲೂ ಗಂಡುಗಳು ಹೆಣ್ಣನ್ನು ಹುಡುಕಿಕೊಂಡು ರಾತ್ರಿ ಅಲೆಯುತ್ತವೆ. ವಿಷವೂ ಗಂಡಿಗೇ ಹೆಚ್ಚು. ಬೆಳಗಾಗುತ್ತಲೇ ತೇವವಾದ, ಕತ್ತಲಾದ ಜಾಗ ಹುಡುಕುತ್ತವೆ. ಕನ್ನಡದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಕಾರಣವಿದೆ. ಚಪ್ಪಲಿ, ಬೂಟು ಹೊಸ್ತಿಲಾಚೆ ಬಿಡುವುದು ನಮ್ಮ ರೂಢಿ. ರಾತ್ರಿಯಿಡೀ ಹೊರಗಿದ್ದ ಮಗುವಿನ ಸ್ಕೂಲ್ ಬೂಟು ಈ ಜೇಡಕ್ಕೆ ಬಿಲದಷ್ಟೇ ಅನುಕೂಲ. ರೂಢಿ ಬಿಡಬೇಕಾಗಿಲ್ಲ, ಬಾಗಿಲ ಒಳಗೆ ಒಂದು ಗೂಡು ಇಟ್ಟುಕೊಂಡರೆ ಸಾಕು. ಹೊರಗೇ ಬಿಟ್ಟಿದ್ದರೆ ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಬಡಿದು, ಬೋರಲು ಮಾಡಿ ಕೊಡವಿ, ಒಳಗೆ ಇಣುಕಿ ನೋಡಿಯೇ ಹಾಕಿಕೊಳ್ಳಬೇಕು. ನೆಲದ ಮೇಲೆ ಬಿದ್ದ ಒದ್ದೆ ಟವೆಲ್ಲಿಗೂ ಇದೇ ಮಾತು. ಈಜುಕೊಳದ ತಳದಲ್ಲಿ ಅಲುಗಾಡದೆ ಬಿದ್ದಿರುವ ಫನೆಲ್‌ವೆಬ್ ಸತ್ತಿದೆ ಎಂದು ಕೈಯಿಂದ ಎತ್ತಬಾರದು: ಮೈಯ ರೋಮಕ್ಕೆ ಅಂಟಿದ ಗಾಳಿಯ ಗುಳ್ಳೆಯಿಂದ ಅದು ನೀರಿನಡಿ ಗಂಟೆಗಟ್ಟಲೆ ಬದುಕಿರುತ್ತದೆ.

ಫನೆಲ್‌ವೆಬ್ ಕಚ್ಚಿದರೆ 000ಗೆ ಫೋನ್ ಮಾಡಿ, ಕಚ್ಚಿದ ಕೈ ಅಥವಾ ಕಾಲಿಗೆ ಉದ್ದಕ್ಕೂ ಬಿಗಿಯಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ದಬ್ಬೆ ಕಟ್ಟಿ, ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಮಲಗಿಸಬೇಕು. ಈ ಬ್ಯಾಂಡೇಜ್ ಕ್ರಮವನ್ನೂ ಫನೆಲ್‌ವೆಬ್ ವಿಷಕ್ಕೆ ಮದ್ದನ್ನೂ ರೂಪಿಸಿದವರು ಒಬ್ಬರೇ, ಸ್ಟ್ರುವಾನ್ ಸದರ್ಲ್ಯಾಂಡ್ ಎಂಬ ವೈದ್ಯ. ಆ ಮದ್ದು 1981ರಲ್ಲಿ ಬಳಕೆಗೆ ಬಂದ ಮೇಲೆ ಈ ಜೇಡ ಕಚ್ಚಿ ಸತ್ತವರ ದಾಖಲೆ ಇಲ್ಲ. ಬೆನ್ನ ಮೇಲೆ ಕೆಂಪು ಪಟ್ಟೆಯ ರೆಡ್‌ಬ್ಯಾಕ್ ಜೇಡದ ಚಿಕಿತ್ಸೆ ಬೇರೆ. ತೋಟದ ಕುರ್ಚಿಯಡಿ, ಅಂಚೆಪೆಟ್ಟಿಗೆಯೊಳಗೆ ಇರುವ ಇದು ಕಚ್ಚಿದರೆ ಬ್ಯಾಂಡೇಜ್ ಸುತ್ತಬಾರದು. ಐಸ್ ಇಟ್ಟು, ನೋವು ಏರಿದರೆ ಆಸ್ಪತ್ರೆಗೆ ಹೋಗಬೇಕು.

ಅಡುಗೆಮನೆಯ ಕೀಟಗಳು ಬಹುಪಾಲು ಹಳೆಯ ಪರಿಚಯದವು. ಒಂದು ಕೀಟದ ಪರಿಚಯ ಮಾತ್ರ ಹೆಚ್ಚಿನವರಿಗೆ ವಿಮಾನ ನಿಲ್ದಾಣದಲ್ಲೇ ಆಗುತ್ತದೆ. ಭಾರತ ಉಪಖಂಡದ ಕಡೆಯ ಖಪ್ರಾ ಎಂಬ ಪುಟ್ಟ ದುಂಬಿ ದಾಸ್ತಾನು ಧಾನ್ಯವನ್ನು ಹಾಳುಮಾಡುತ್ತದೆ. ಅದು ಒಳಗೆ ನುಸುಳದಿರಲಿ ಎಂದು ಆಸ್ಟ್ರೇಲಿಯಾ 2020ರಿಂದ ಪ್ರಯಾಣಿಕರ ಚೀಲದಲ್ಲಿ ಅಕ್ಕಿ, ತೊಗರಿ, ಹೆಸರು, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಮೊದಲಾದವನ್ನು ತಡೆದಿದೆ. ಅಮ್ಮ ಕಟ್ಟಿಕೊಟ್ಟ ಬ್ಯಾಡಗಿ ಮೆಣಸಿನಕಾಯಿ ಅಲ್ಲಿಯೇ ಉಳಿಯುವುದು ಇದರಿಂದ. ತಂದ ತಿನಿಸನ್ನೆಲ್ಲ ಪ್ರಯಾಣಿಕರ ಕಾರ್ಡಿನಲ್ಲಿ ಬರೆದು ತೋರಿಸಿದರೆ ವಸ್ತು ಹೋದೀತು, ದಂಡ ಬೀಳದು. ಇಲ್ಲಿಯೇ ಕೊಂಡ ಅಕ್ಕಿಗೆ ಹುಳು ಹಿಡಿಯದಿರಲು ಚೀಲವನ್ನು ಒಂದು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕುವುದು ಸುಲಭದ ದಾರಿ.

ರಾತ್ರಿ ಚಾವಣಿಯ ಮೇಲೆ ಯಾರೋ ನಡೆದಾಡಿದಂತೆ ಕೇಳಿಸಿದರೆ ಅದು ಪಾಸಮ್, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುವ, ಬೆಕ್ಕಿನ ಗಾತ್ರದ ಪ್ರಾಣಿ. ಹೊಸಬರು ಅರಿಯಬೇಕಾದ ಕಾನೂನು ಇಲ್ಲಿಂದ ಶುರುವಾಗುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ನಾಡಿನ ಮೂಲ ಪ್ರಾಣಿ, ಹಕ್ಕಿ, ಹಾವುಗಳಿಗೆ ಕಾನೂನಿನ ರಕ್ಷಣೆ ಇದೆ. ಪಾಸಮ್ ಹಿಡಿಯಲು ಪರವಾನಗಿ ಬೇಕು, ಹಿಡಿದದ್ದನ್ನೂ 150 ಮೀಟರ್ ಒಳಗೇ ಬಿಡಬೇಕು. ಇಲಿ ಹಿಡಿದು ಊರಾಚೆ ಬಿಟ್ಟು ಬರುವ ಉಪಾಯ ಇಲ್ಲಿ ನಡೆಯದು. ಸೂರಿನ ಸಂದಿ ಮುಚ್ಚಿಸುವುದೊಂದೇ ಪರಿಹಾರ. ಬಾಡಿಗೆ ಮನೆಯಾದರೆ ಅದನ್ನು ಮಾಲೀಕರಿಗೋ ಏಜೆಂಟರಿಗೋ ಬರೆದು ತಿಳಿಸಬೇಕು.

ಹಿತ್ತಲಿನಲ್ಲಿ ಮೆಂತ್ಯ, ಕೊತ್ತಂಬರಿ ಹಾಕಿದವರ ತಾಳ್ಮೆ ಪರೀಕ್ಷಿಸುವುದು ಬ್ರಷ್ ಟರ್ಕಿ. ಈ ಹಕ್ಕಿಯ ಗಂಡು ಎಲೆ, ಮಣ್ಣು ಕೆದರಿ ನಾಲ್ಕು ಮೀಟರ್ ಅಗಲದ ದಿಬ್ಬ ಕಟ್ಟುತ್ತದೆ. ಕೊಳೆಯುವ ಎಲೆಯ ಕಾವಿನಲ್ಲೇ ಮೊಟ್ಟೆ ಮರಿಯಾಗುತ್ತದೆ. ಮಡಿಗೆ ಕಲ್ಲು ಹರಡಿ, ಬಲೆ ಹೊದಿಸಬಹುದು, ಹಕ್ಕಿಯನ್ನು ಮುಟ್ಟುವಂತಿಲ್ಲ. ಬ್ಲೂ ಟಂಗ್ ಹಲ್ಲಿಯದು ಬೇರೆ ಕತೆ. ನಮ್ಮ ಹಾವುರಾಣಿಯ ಬಳಗದ್ದೇ ಆದರೂ ದಪ್ಪ ಮೈ, ಮೋಟು ಕಾಲು. ಹುಲ್ಲಿನಲ್ಲಿ ಹರಿದಾಗ ಹಾವೆಂದೇ ತೋರುತ್ತದೆ. ಬಸವನಹುಳು ತಿನ್ನುವ ಈ ಉಪಕಾರಿ ಇದ್ದ ಹಿತ್ತಲಿಗೆ ಬಸವನಹುಳುವಿನ ವಿಷದ ಗುಳಿಗೆ ಹಾಕಬಾರದು, ಅದರಿಂದ ಇದೂ ಸಾಯುತ್ತದೆ. ನಿಜವಾದ ಹಾವೇ ಬಂದರೆ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿ, ಪರವಾನಗಿ ಇರುವ ಹಾವು ಹಿಡಿಯುವವರನ್ನು ಕರೆಸಬೇಕು. ಕೋಲು ಹಿಡಿಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಹಾವು ಕಚ್ಚಿದರೂ ಅದೇ ಬ್ಯಾಂಡೇಜ್ ಕ್ರಮ, ಗಾಯವನ್ನು ತೊಳೆಯಬಾರದು.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೀದಿಯಲ್ಲಿ ಮ್ಯಾಗ್‌ಪೈ ಹಕ್ಕಿಯ ಕಾಲ. ಗೂಡು ಕಾಯುವ ಗಂಡುಗಳಲ್ಲಿ ಕೆಲವು ಹಿಂದಿನಿಂದ ಎರಗಿ ತಲೆಗೆ ಕುಕ್ಕುತ್ತವೆ. ಮುಖಗಳನ್ನು ನೆನಪಿಟ್ಟುಕೊಳ್ಳುವ ಈ ಹಕ್ಕಿಗೆ ಕಲ್ಲು ಬೀರಿದವರಿಗೆ ಉಳಿಗಾಲವಿಲ್ಲ. ದಾರಿ ಬದಲಿಸುವುದು, ಕೊಡೆ ಹಿಡಿಯುವುದು, ಸೈಕಲ್ ಇಳಿದು ತಳ್ಳುವುದು ಜಾಣತನ. ಮಹಾಲಯದ ಎಡೆಯನ್ನು ಕಾಗೆಗೆ ಇಡುವ ಮನೆಗಳಿಗೂ ಒಂದು ಮಾತು. ಉಳಿದ ಅನ್ನವನ್ನು ಕತ್ತಲಾಗುವ ಮುಂಚೆ ತೆಗೆದುಬಿಡಬೇಕು, ಇಲ್ಲವಾದರೆ ಇಲಿ ಬರುತ್ತದೆ. ಬಿಳಿ ಕಾಕಟೂಗಳಿಗಂತೂ ಆಹಾರದ ರುಚಿ ಹತ್ತಿಸಬಾರದು. ಕಸದ ಡಬ್ಬಿಯ ಮುಚ್ಚಳ ತೆರೆಯುವ ವಿದ್ಯೆಯನ್ನು ಇವು ಒಂದನ್ನೊಂದು ನೋಡಿ ಕಲಿತವು. 2018ಕ್ಕೆ ಮುಂಚೆ ಸಿಡ್ನಿಯ 3 ಬಡಾವಣೆಗಳಲ್ಲಿ ಕಂಡದ್ದು 2019ರ ಕೊನೆಗೆ 44ಕ್ಕೆ ಹರಡಿತ್ತು.

ಕಾಡಂಚಿನ ನಡಿಗೆಯಲ್ಲಿ ಇಂಬಳ ಹತ್ತಿದರೆ ಮಲೆನಾಡಿನವರು ಗಾಬರಿಯಾಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಉಣುಗು ಹಾಗಲ್ಲ. ಮಂಗನ ಕಾಯಿಲೆ ಕಂಡ ಶಿವಮೊಗ್ಗದ ಕಡೆಯವರಿಗೆ ಈ ಅಂಜಿಕೆ ಗೊತ್ತಿರುತ್ತದೆ. ಇಲ್ಲಿನ ಉಣುಗಿನಿಂದ ಬರುವುದು ಬೇರೆ ತೊಂದರೆ. ಕರಾವಳಿ ಪಟ್ಟಿಯ, ಅದರಲ್ಲೂ ನಾರ್ದರ್ನ್ ಬೀಚಸ್ ಕಡೆಯ ಪಾರ್ಶ್ವವಾಯು ಉಣುಗು ಕಚ್ಚಿದ ಕೆಲವರಿಗೆ ಮುಂದೆ ಕುರಿ, ದನ, ಹಂದಿ ಮಾಂಸ ಒಗ್ಗದಂತಾಗುತ್ತದೆ. ಉಂಡು ಗಂಟೆಗಳ ಮೇಲೆ ದದ್ದು, ಉಸಿರು ಕಟ್ಟುವುದು ಕಾಣಿಸುತ್ತದೆ. ಕೆಲವರಿಗೆ ಜೆಲಾಟಿನ್, ಹಾಲೂ ಆಗುವುದಿಲ್ಲ. ಉಣುಗನ್ನು ಹಿಸುಕಬಾರದು, ಕೀಳಬಾರದು. ಔಷಧದಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸುವ ಸ್ಪ್ರೇ ಹೊಡೆದು, ಸತ್ತು ತಾನಾಗಿ ಉದುರಲು ಬಿಡಬೇಕು. ನೆಲಕ್ಕೆ ಬಿದ್ದ ದೊಡ್ಡ ಬಾವಲಿಯನ್ನು ಕನಿಕರದಿಂದಲೂ ಮುಟ್ಟಬಾರದು. ರೇಬೀಸ್ ಬಳಗದ ವೈರಸ್ ಅವುಗಳಲ್ಲಿ ಇರಬಹುದು. ಕಚ್ಚಿದರೆ, ಪರಚಿದರೆ ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು.

ಫ್ರಿಜ್ ಬಾಗಿಲಿಗೆ ಅಂಟಿಸಿಡಬೇಕಾದ ಸಂಖ್ಯೆಗಳು ಮೂರು: ತುರ್ತಿಗೆ 000, ವಿಷದ ಮಾಹಿತಿ ಕೇಂದ್ರಕ್ಕೆ 13 11 26, ಗಾಯಗೊಂಡ ಕಾಡುಜೀವಿ ಕಂಡರೆ ವೈರ್ಸ್ ಸಂಸ್ಥೆಗೆ 1300 094 737. ಊರಿನಿಂದ ಬಂದು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅಜ್ಜ ಅಜ್ಜಿಯರಿಗೆ ಇವನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಡಿ.